ಅಡಾಪ್ಟರಿಗೂ ಒಂದು ವರ್ಗಾವಣೆ

ನಿವೃತ್ತ ತಹಸೀಲ್ದಾರ್ ಪಟ್ಟಾಭಿರಾಮಯ್ಯ ಮನೆಯ ಕಂಪ್ಯೂಟರಿನ ಮುಂದೆ ಗುಡುಗುತ್ತಿದ್ದರು. ಹನ್ನೊಂದಕ್ಕೆ ನಿವೃತ್ತರ ಸಂಘದ ಆನ್‌ಲೈನ್ ಸಭೆ, ಇವರದೇ ಅಧ್ಯಕ್ಷ ಭಾಷಣ. ವೈಫೈ ಹಿಡಿಯುವ ಯುಎಸ್‌ಬಿ ಅಡಾಪ್ಟರ್ ನಿಮಿಷಕ್ಕೊಮ್ಮೆ ಕೈಕೊಡುತ್ತಿತ್ತು.

"ಇದಕ್ಕೆ ನೋಟೀಸ್ ಕೊಡಬೇಕು! ನನ್ನ ಬಿಟ್ಟು ಯಾರೂ ಇದನ್ನ ಮುಟ್ಟಕೂಡದು!"

ಅಡುಗೆಯ ಪುಟ್ಟತಾಯಮ್ಮ ಕಾಫಿ ತಂದಳು. ಅಡಾಪ್ಟರ್ ಕಂಪ್ಯೂಟರಿನ ಹಿಂಬದಿಯಲ್ಲಿ, ಗೋಡೆಗೂ ಕಬ್ಬಿಣದ ಬೀರುವಿಗೂ ನಡುವೆ ಸಿಕ್ಕಿಕೊಂಡಿತ್ತು. ಅಲ್ಲಿ ಕಸ ಗುಡಿಸುವಾಗ ಅವಳ ಮೊಬೈಲಿನ ಸಿಗ್ನಲ್ಲೂ ಹೋಗುತ್ತಿತ್ತು. ಆದರೆ ನೇರವಾಗಿ ಹೇಳಿದರೆ ಸಾಹೇಬರು ಕೇಳುವ ಪೈಕಿಯವರಲ್ಲ.

"ಸಾಹೇಬ್ರೇ, ಕಚೇರೀಲಿ ಕೆಲಸ ಮಾಡದೇ ಇರೋರನ್ನ ಏನ್ ಮಾಡ್ತಿದ್ರಿ?"

"ವರ್ಗ ಮಾಡ್ತಿದ್ದೆ!"

"ಹಂಗಾದ್ರೆ ಇದನ್ನೂ ಮಾಡಿ. ಹಿಂದಿನ ಮೂಲೆಯಿಂದ ಮುಂದಕ್ಕೆ."

ಸಾಹೇಬರ ಮುಖ ಅರಳಿತು. ಅಡಾಪ್ಟರನ್ನು ತಾವೇ ಕಿತ್ತು ಕಂಪ್ಯೂಟರಿನ ಮುಂದಿನ ಕಿಂಡಿಗೆ ಸಿಕ್ಕಿಸಿದರು. ಭಾಷಣ ಒಂದೂವರೆ ಗಂಟೆ ಎಲ್ಲೂ ನಿಲ್ಲದೆ ಹರಿಯಿತು.

"ಏನ್ ಆರ್ಡರ್ ಹಾಕಿದ್ರಿ ಸಾಹೇಬ್ರೇ!" ಪುಟ್ಟತಾಯಮ್ಮ ಬಿಸಿ ಕಾಫಿ ಇಟ್ಟಳು.

ಸಾಹೇಬರು ಲೋಟದ ಮೇಲಿಂದ ಅವಳನ್ನು ನೋಡಿ ನಕ್ಕರು. "ಸಾಕು ಬಿಡಮ್ಮ. ಮೂವತ್ತು ವರ್ಷ ನಮ್ಮ ಗುಮಾಸ್ತರೂ ನನ್ನ ಕೈಲಿ ಹೀಗೇ ಸಹಿ ಹಾಕಿಸ್ಕೊಂಡಿದ್ದು."