ತಲೆಯ ಮೇಲೆ ಬಂದ ಮೆಟ್ಟು

"ಗುರುಗಳೇ, ಮೆಟ್ಟು ಹಾಕಿಕೊಂಡವರನ್ನು ದೇವರ ಮುಂದೆ ಬಿಡಬಹುದೇ?" ಎಂದು ಮಠದ ಶಿಷ್ಯ ಕೇಳಿದ. "ಗುಡಿಯ ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದಾನೆ. ಸೊಟ್ಟಗಾಲು. ಬೂಟು ಬಿಚ್ಚಿದರೆ ಬೀಳುತ್ತೇನೆ ಅನ್ನುತ್ತಾನೆ. ಹಾಗಾದರೆ ಅಲ್ಲಿಂದಲೇ ಕೈಮುಗಿ ಅಂದೆ. ಸರಿ ತಾನೇ?"

ಹೀಗೆಂದು ಅವನು ಚಾಪೆಯ ಮೇಲೆ ಕೂರಲು ಹೋದ.

"ಕೂರಬೇಡ. ಅವನು ನಿಂತಿದ್ದಾನಲ್ಲ, ನೀನೂ ನಿಂತೇ ಕೇಳು" ಎಂದು ಗುರುಗಳು ಕತೆ ಶುರು ಮಾಡಿದರು.

ಕಡಲತೀರದಲ್ಲಿ ಒಬ್ಬ ತಂಡೇಲನಿದ್ದ. ದೋಣಿ ನಡೆಸುವವನು, ಅದರ ಆಳುಗಳ ಜೀವಕ್ಕೆ ಹೊಣೆಯಾದವನು. ಆ ಕಡೆಯವರಿಗೆ ದೋಣಿಯೆಂದರೆ ತಾಯಿ. ಮೆಟ್ಟು ಹಾಕಿ ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಒಮ್ಮೆ ಬಲೆ ಎಳೆಯುವಾಗ ತಂಡೇಲನ ತಮ್ಮ ಒದ್ದೆ ಹಲಗೆಯ ಮೇಲೆ ಜಾರಿ ಕಡಲಿಗೆ ಬಿದ್ದ. ಹೆಣವೂ ಸಿಗಲಿಲ್ಲ.

ತಂಡೇಲ ಪೇಟೆಯ ಮೆಟ್ಟಿನ ಅಂಗಡಿಗೆ ಹೋದ. ಒಂದು ಹಲಗೆಗೆ ನೀರು ಸುರಿದು, ಮೀನಿನ ಲೋಳೆ ಬಳಿದು, ಅಂಗಡಿಯವನು ಗೊಣಗಿದರೂ ಬಿಡದೆ ಒಂದೊಂದೇ ಮೆಟ್ಟು ತೊಟ್ಟು ಅದರ ಮೇಲೆ ನಿಂತು ನೋಡಿದ. ಚೆಂದದ್ದೆಲ್ಲ ಜಾರಿತು. ಗಟ್ಟಿಯದೂ ಜಾರಿತು. ಕೊನೆಗೆ, ಅಡಿಯಲ್ಲಿ ಒತ್ತೊತ್ತಾಗಿ ಗೀರುಗಳಿದ್ದ ಮೆತ್ತನೆಯ ರಬ್ಬರಿನದೊಂದು ಉಡದ ಹಾಗೆ ಪಟ್ಟು ಹಿಡಿಯಿತು. ಆಳುಗಳಿಗೆಲ್ಲ ಅದನ್ನೇ ತಂದ.

ತಾಯಿ ಹೊಸ್ತಿಲಲ್ಲೇ ತಡೆದಳು. "ಹೆತ್ತವಳ ಎದೆಯ ಮೇಲೆ ಮೆಟ್ಟು ಹಾಕಿ ನಡೆಯುತ್ತೀಯೇನೋ? ನಿನ್ನ ಅಪ್ಪ, ಅಜ್ಜ ಹಾಗೆ ಮಾಡಿದ್ದುಂಟೇ?"

"ಅಮ್ಮಾ, ತಮ್ಮ ಬರಿಗಾಲಲ್ಲೇ ಹೋದ."

ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ. ಮಗನಿಗೂ ಅವಳನ್ನು ಮೀರಲು ಮನಸ್ಸು ಬರಲಿಲ್ಲ. ಮೆಟ್ಟಿನ ಗಂಟು ಜಗಲಿಯ ಮೂಲೆಯಲ್ಲೇ ಉಳಿಯಿತು.

ಬೆಳಗಾದಾಗ ತಂಡೇಲ ಬರಿಗಾಲಲ್ಲೇ ದಡಕ್ಕೆ ಬಂದ. ಕಡಲು ಒರಟಾಗಿತ್ತು. ಆಳುಗಳ ಕಾಲುಗಳನ್ನೇ ನೋಡುತ್ತ ನಿಂತ. ಇವತ್ತು ಯಾರ ಸರದಿಯೋ ಎಂದುಕೊಂಡ.

ಆಗ ತಾಯಿ ಬಂದಳು. ಅತ್ತು ಕಣ್ಣುಗಳು ಊದಿದ್ದವು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮೆಟ್ಟುಗಳು. ಅರಿಸಿನದ ನೀರಲ್ಲಿ ತೊಳೆದು ಒಂದೊಂದು ಜೊತೆಗೂ ಒಂದೊಂದು ಹೂವಿಟ್ಟಿದ್ದಳು. ಅಬ್ಬಾ! ಕಾಲಿಗೆ ಹಾಕುವುದನ್ನು ತಲೆಯ ಮೇಲೆ ಹೊತ್ತವರನ್ನು ಆ ದಡ ಅದುವರೆಗೆ ಕಂಡಿರಲಿಲ್ಲ. ಆಳುಗಳು ಮುಂಡಾಸು ಬಿಚ್ಚಿ ದಾರಿ ಬಿಟ್ಟರು. ತಂಡೇಲ ತನಗರಿವಿಲ್ಲದೆ ಕೈಮುಗಿದ.

ಅವಳು ಬುಟ್ಟಿಯನ್ನು ನೆಲಕ್ಕಿಳಿಸಲಿಲ್ಲ. ಸೊಂಟದುದ್ದ ನೀರಿಗಿಳಿದು ದೋಣಿಯೊಳಗೇ ಇಟ್ಟಳು.

"ಇವು ಮಣ್ಣು ಮುಟ್ಟಬಾರದು, ಮಗಾ. ದೋಣಿಯಲ್ಲೇ ತೊಡಿ, ದೋಣಿಯಲ್ಲೇ ಕಳಚಿ. ಈ ದೋಣಿತಾಯಿಯ ಅಪ್ಪಣೆ ನಾನು ಕೇಳಿಕೊಂಡಿದ್ದೇನೆ" ಎಂದು ದೋಣಿಗೆ ಹಣೆ ಹಚ್ಚಿದಳು.

ಅಂದು ಅಲೆ ಹಲಗೆಯ ಮೇಲೇ ಹರಿಯಿತು. ಯಾರ ಕಾಲೂ ಜಾರಲಿಲ್ಲ. ಸಂಜೆ ಎಲ್ಲರೂ ಮನೆಗೆ ಬಂದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಾಗಿಲ ಕಡೆ ನೋಡಿದ. ಮುದುಕ ಗೋಡೆಗೆ ಕೈಕೊಟ್ಟು ಇನ್ನೂ ನಿಂತೇ ಇದ್ದ.

"ಆದರೆ ಗುರುಗಳೇ, ಇದು ಗುಡಿ..." ಎಂದು ಶಿಷ್ಯ ರಾಗ ಎಳೆದ.

ಗುರುಗಳು ಕೇಳಿದರು: "ಆ ಬೂಟು ತೊಳೆಯಲು ನಮ್ಮ ಬಾಗಿಲಲ್ಲಿ ಒಂದು ಚೊಂಬು ನೀರೂ ಇರಲಿಲ್ಲವೇನಪ್ಪಾ?"