ಕುದುರೆಯ ಚರ್ಮವೂ ಮಖಮಲ್ಲಿನ ಹೊದಿಕೆಯೂ

ಮದುಮಗನನ್ನು ಹೊತ್ತು ಬಿಸಿಲಲ್ಲಿ ಹೊರಟಿದ್ದ ಬಿಳಿ ಕುದುರೆಯ ಚರ್ಮ ಬೆವರತೊಡಗಿತು. ಬೆನ್ನ ಮೇಲಿದ್ದ ಜರಿಯಂಚಿನ ಮಖಮಲ್ಲಿನ ಹೊದಿಕೆ ಸಿಡುಕಿತು:

“ಎಲೈ ಚರ್ಮವೇ, ನಿನ್ನ ಕೊಳೆಯನ್ನು ನನಗೆ ಒರೆಸಬೇಡ.”

“ಇದು ನನ್ನೊಬ್ಬಳ ಕೊಳೆಯಲ್ಲ, ಅಕ್ಕಾ. ರಕ್ತದ ಕಸವನ್ನು ಬಹುಪಾಲು ಮೂತ್ರಪಿಂಡಗಳೇ ಹೊರಹಾಕುತ್ತವೆ. ನನ್ನ ಪಾಲಿಗೆ ಬರುವ ಚೂರುಪಾರು ಕಸವನ್ನು, ಉಪ್ಪನ್ನು ನಾನು ನೀರಿನೊಡನೆ ಚೆಲ್ಲುತ್ತೇನೆ. ಮೈಯ ಕಾವೂ ಅದರ ಜೊತೆಗೇ ಹೋಗುತ್ತದೆ.”

“ಶುಭಕಾರ್ಯಕ್ಕೆ ಹೊರಟಾಗ ಯಾರಾದರೂ ಕಸ ಚೆಲ್ಲುತ್ತಾರೆಯೇ?”

ಇದನ್ನು ಕೇಳಿ ಕುದುರೆಗೆ ನಾಚಿಕೆಯಾಯಿತು. ದಾರಿಯಲ್ಲಿ ಅದರ ಒಡೆಯ ಬುಡನ್ ಸಾಬ್ ಬಕೆಟ್ಟಿನಲ್ಲಿ ನೀರು ಹಿಡಿದಾಗ ಮೂತಿ ತಿರುಗಿಸಿತು. ನೀರು ಕುಡಿಯದಿದ್ದರೆ ಬೆವರೂ ಬಾರದು ಎಂದುಕೊಂಡಿತು.

ಹಾಗೆಯೇ ಆಯಿತು. ಛತ್ರದ ಬಾಗಿಲಿಗೆ ಬರುವಷ್ಟರಲ್ಲಿ ಚರ್ಮ ಒಣಗಿ ಕೆಂಡದಂತೆ ಸುಡುತ್ತಿತ್ತು. ಮದುಮಗ ಇಳಿದದ್ದೇ ತಡ, ಕುದುರೆ ಮುಂಗಾಲು ಮಡಚಿ ಕುಸಿಯಿತು.

“ಯಾ ಅಲ್ಲಾ, ಮೈಮೇಲೆ ಒಂದು ಹನಿ ಬೆವರಿಲ್ಲವಲ್ಲ!” ಬುಡನ್ ಸಾಬ್ ಮಖಮಲ್ಲನ್ನು ಎಳೆದು, ನೀರಿಗೆ ಅದ್ದಿ, ಕುದುರೆಯ ಕುತ್ತಿಗೆ, ಎದೆ ಒರೆಸತೊಡಗಿದ. “ಒಂದು ಗುಟುಕು ಕುಡಿಯಮ್ಮಾ, ಬೇಟಿ.”

ಜರಿ ಕಿತ್ತುಬಂತು. ಮಖಮಲ್ಲು ಅದರ ಕಡೆ ನೋಡಲೂ ಇಲ್ಲ. ಸುಡುವ ಚರ್ಮಕ್ಕೆ ಮುಖವೊತ್ತಿ ಬೇಡಿಕೊಂಡಿತು: “ತಂಗೀ, ಚೆಲ್ಲು. ನನ್ನ ಮೇಲೆಯೇ ಚೆಲ್ಲು.”

ಕೊನೆಗೆ ಕುದುರೆ ನೀರಿಗೆ ಬಾಯಿ ಹಾಕಿತು. ಛತ್ರದೊಳಗೆ ದೀಪ ಹಚ್ಚುವ ಹೊತ್ತಿಗೆ ಅದರ ಕಿವಿಯ ಹಿಂದೆ ಉಪ್ಪುಪ್ಪಾದ ತೇವ ಮೂಡಿತು.

“ಇದಕ್ಕಿಂತ ಶುಭ ಇನ್ನಾವುದು!” ಎಂದು ಮಖಮಲ್ಲು ಅದನ್ನು ಹೀರಿಕೊಂಡಿತು.