ನಲವತ್ತೊಂದನೆಯ ಹಾಜರಿ

"ಅಜ್ಜ, ಸಿಗದದ್ದನ್ನು ಮತ್ತೆ ಮತ್ತೆ ಬಯಸುವುದು ಹುಚ್ಚಲ್ಲವೇ?" ಎಂದು ಶಿಷ್ಯ ಕೇಳಿದ.

ಅಜ್ಜ ಕಲ್ಲುಗಣಿಯ ಹಿರಿಯ. ಮೂರು ತಲೆಮಾರಿಗೆ ಉಳಿ ಹಿಡಿಯುವುದನ್ನು ಕಲಿಸಿದವನು. ಅಂದು ಶಿಷ್ಯನ ಕೈಯಲ್ಲಿ ಉಳಿ ಇರಲಿಲ್ಲ, ಒಂದು ಕಾಗದವಿತ್ತು. ಶಿಷ್ಯನಿಗೆ ಏಳನೆಯ ತರಗತಿಯವರೆಗೆ ಓದಿಸಿದ ಅಕ್ಕೋರು, ಎಂದರೆ ಊರ ಶಾಲೆಯ ಟೀಚರಮ್ಮ, ಮೂರನೆಯ ಸಲ ಚುನಾವಣೆಗೆ ನಿಲ್ಲುವವರಿದ್ದರು. ಅದು ಅವರ ನಾಮಪತ್ರ. ಸೂಚಕರ ಜಾಗದಲ್ಲಿ ಅಜ್ಜನ ಸಹಿಯೇ ಬೇಕು ಎಂದು ಹೇಳಿ ಕಳಿಸಿದ್ದರು. ನಾಳೆ ಮೂರು ಗಂಟೆಗೆ ಗಡುವು.

ಶಿಷ್ಯ ಮುಂದುವರಿಸಿದ: "ಪಂಚಾಯಿತಿಗೆ ನಿಂತು ಸೋತರು. ದಿಲ್ಲಿಗೆ ನಿಂತು ಸೋತರು. ಈಗ ತಿರುಗಿ ಪಂಚಾಯಿತಿ. ಊರು ನಗುತ್ತಿದೆ. ನೀವು ಸಹಿ ಹಾಕಿದರೆ ನಿಮ್ಮನ್ನೂ ಸೇರಿಸಿಕೊಂಡು ನಗುತ್ತದೆ. ಹಾಕಬೇಡಿ."

ಅಜ್ಜ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡ. ಅದರ ಕಡೆ ನೋಡಲಿಲ್ಲ.

"ಊರು ನನ್ನನ್ನು ನೋಡಿ ನಗುವುದೇ? ನಾನು ಕಡೆದ ಬಸವಣ್ಣನ ಕಿವಿಯ ಮೇಲೆ ನೊಣ ಕೂತರೆ ಬಸವಣ್ಣ ಕಿವಿ ಅಲ್ಲಾಡಿಸುತ್ತಿದ್ದ. ಕಂಡವರೆಲ್ಲ ತೀರಿಹೋಗಿದ್ದಾರೆ, ಅದಕ್ಕೇ ಸಾಕ್ಷಿ ಕೇಳಬೇಡ. ಕೂತುಕೋ. ಒಂದು ಕತೆ ಹೇಳುತ್ತೇನೆ. ಇದು ಮಾತ್ರ ಸುಳ್ಳಲ್ಲ."

ಶಿಷ್ಯ ಕೂತ. ಅಜ್ಜ ಹೇಳತೊಡಗಿದ.

ಒಂದು ಕಲ್ಲುಗಣಿ ಇತ್ತು. ಅಲ್ಲಿ ನಲವತ್ತೊಂದು ಮಂದಿ ಕಲ್ಲು ಒಡೆಯುತ್ತಿದ್ದರು, ಗಂಡಸರು ಹೆಂಗಸರು ಸೇರಿ. ಎಂಥ ಗಟ್ಟಿಗರು ಅಂತೀಯ! ಅವರು ಸುತ್ತಿಗೆ ಎತ್ತಿದರೆ ಸಾಕು, ಪೆಟ್ಟು ಬೀಳುವ ಮೊದಲೇ ಬಂಡೆ ಹೆದರಿ ಸೀಳುತ್ತಿತ್ತು. ಒಬ್ಬನಂತೂ ಒಂದು ಸಲ ಸೀನಿದ್ದಕ್ಕೆ ಒಂದು ಗಾಡಿ ಜಲ್ಲಿ ಬಿತ್ತು. ಇಂಥ ಜನಕ್ಕೆ ಹೆಬ್ಬೆರಳು ಇರಲಿಲ್ಲ. ಬೆರಳು ಇತ್ತು, ಅದರ ಮೇಲೆ ಗೆರೆ ಇರಲಿಲ್ಲ. ಕಲ್ಲು ತಿಂದುಹಾಕಿತ್ತು. ಕಚೇರಿಯಲ್ಲಿ ಮಸಿ ಹಚ್ಚಿ ಹೆಬ್ಬೆಟ್ಟು ಒತ್ತಿಸಿದರೆ ಕಾಗದದ ಮೇಲೆ ಬರೀ ಕರಿ ಮಚ್ಚೆ. ಗುಮಾಸ್ತ ಕೇಳುತ್ತಿದ್ದ, "ಇದೇನು ಬೆರಳೋ, ಬದನೆಕಾಯಿಯೋ?" ಹಾಗಂದು ಕಾಗದ ಹಿಂದಕ್ಕೆ ತಳ್ಳುತ್ತಿದ್ದ. ಜೀವಂತ ಇರುವ ಮನುಷ್ಯ ತಾನು ತಾನೇ ಎಂದು ತೋರಿಸಲಾಗದೆ ಮನೆಗೆ ಬರುತ್ತಿದ್ದ.

ಹಳ್ಳದ ಆಚೆಯ ಊರಿನಲ್ಲಿ ಒಬ್ಬ ಅಕ್ಕೋರಿದ್ದರು. ಗಣಿಯ ಮಕ್ಕಳು ಹಳ್ಳ ದಾಟಿ ಅವರ ಶಾಲೆಗೆ ಹೋಗಬೇಕು. ಮಳೆಗಾಲದಲ್ಲಿ ಹಳ್ಳ ಬಿಡುತ್ತಿರಲಿಲ್ಲ. ಬಾರದ ಮಕ್ಕಳನ್ನು ಕರೆಯಲು ಅಕ್ಕೋರೇ ಗಣಿಗೆ ಬಂದರು. ಬಂದವರು ಒಬ್ಬ ಹೆಂಗಸನ್ನು ಕಂಡರು. ಅವಳು ಹೆಬ್ಬೆರಳಿನ ಮಸಿಯನ್ನು ಕಲ್ಲಿಗೆ ತಿಕ್ಕುತ್ತ ಕೂತಿದ್ದಳು. ಮಸಿ ಹೋಗಿತ್ತು, ಅವಳು ತಿಕ್ಕುವುದನ್ನು ನಿಲ್ಲಿಸಿರಲಿಲ್ಲ.

ಮರುದಿನದಿಂದ ಅಕ್ಕೋರು ಶಾಲೆ ಬಿಟ್ಟ ಮೇಲೆ ಗಣಿಗೆ ಬರತೊಡಗಿದರು. ನಲವತ್ತೊಂದು ಮಂದಿಗೆ ನಲವತ್ತೊಂದು ಪಾಟಿ, ಅದೇ ಬರೆಯುವ ಸ್ಲೇಟು, ತಂದರು. ಬೇರೇನೂ ಕಲಿಸಲಿಲ್ಲ. ಅವರವರ ಹೆಸರು ಬರೆಯಲು ಕಲಿಸಿದರು. ಕಲಿತವರಿಗೆ ಒಂದೊಂದು ಪೆನ್ಸಿಲ್ ಕೊಟ್ಟು, "ಇದು ಸದಾ ಕಿವಿಯ ಮೇಲೆ ಇರಲಿ. ಯಾರು ಯಾವ ಕಾಗದ ಕೊಟ್ಟರೂ ಒತ್ತಬೇಡಿ, ಬರೆಯಿರಿ" ಎಂದರು. ಗಣಿಯವರು ಅದನ್ನು ದೇವರ ಮಾತಿನ ಹಾಗೆ ಹಿಡಿದುಕೊಂಡರು.

ದಿನಾ ಪಾಠಕ್ಕೆ ಮೊದಲು ಹಾಜರಿ. ಅಕ್ಕೋರು ಹೆಸರು ಕರೆಯುವರು. ನೆರೆತ ತಲೆಗಳು ಎದ್ದು ನಿಂತು, "ಅದೀನ್ರಿ ಅಕ್ಕೋರ" ಎನ್ನುವವು. ಹುಟ್ಟಿದಾಗಿನಿಂದ ಅವರ ಹೆಸರನ್ನು ಯಾರೂ ಅಷ್ಟು ಪೂರ್ತಿಯಾಗಿ ಕರೆದಿರಲಿಲ್ಲ. ಕೊನೆಯ ಸಾಲಿನಲ್ಲಿ ಒಬ್ಬ ಬಡಾಯಿಕೋರ ಕೂರುತ್ತಿದ್ದ. "ಕಲ್ಲಿಗೇ ಕಿವಿ ಕೊಟ್ಟವನು ನಾನು, ಈ ನಾಲ್ಕು ಅಕ್ಷರ ಯಾವ ಲೆಕ್ಕ" ಎನ್ನುವನು. ಅಕ್ಕೋರು ಆ ಕಡೆ ತಿರುಗಿದಾಗ ಮಗ್ಗುಲಿನವಳ ಕೈಯಲ್ಲಿ ತನ್ನ ಪಾಟಿಯ ಮೇಲೆ ಬರೆಸಿಕೊಂಡು ತೋರಿಸುವನು. ಇರಲಿ, ಅವನ ಮಾತು ಬಿಡು.

ಅಕ್ಕೋರಿಗೆ ಒಂದೇ ಆಸೆ. ಗಣಿಯಲ್ಲಿ ಒಂದು ಶಾಲೆಯ ಕೋಣೆ ಆಗಬೇಕು. ಪಂಚಾಯಿತಿಗೆ ಅರ್ಜಿ ಕೊಟ್ಟರು. ಕೆಳಗೆ ನಲವತ್ತೊಂದು ಸಹಿ. ಪಂಚಾಯಿತಿ, "ಗಣಿ ಅಂದರೆ ಊರಲ್ಲ" ಎಂದಿತು. ಇನ್ನೊಂದು ಅರ್ಜಿ. ಅದೇ ಉತ್ತರ. ಕೊನೆಗೆ ಅಕ್ಕೋರು, "ಹಾಗಾದರೆ ಒಳಗೆ ಕೂತು ಕೇಳುತ್ತೇನೆ" ಎಂದರು. ಸರಕಾರಿ ಕೆಲಸದಲ್ಲಿದ್ದವರು ಚುನಾವಣೆಗೆ ನಿಲ್ಲುವ ಹಾಗಿಲ್ಲ. ರಾಜೀನಾಮೆ ಕೊಟ್ಟರು. ಇಪ್ಪತ್ತೆರಡು ವರ್ಷ ಹಿಡಿದ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಬಂದರು. ಆಮೇಲೆ ಬೆಳಿಗ್ಗೆ ಶಾಲೆಯ ಗಂಟೆ ಹೊಡೆದಾಗ, ಮನೆಯಲ್ಲಿ ಉಣ್ಣುತ್ತಿದ್ದರೂ ಎದ್ದು ನಿಲ್ಲುತ್ತಿದ್ದರಂತೆ. ನಿಂತು, ಮತ್ತೆ ಕೂರುತ್ತಿದ್ದರಂತೆ.

ಅವರ ಗುರುತು ಏಣಿ. ಮತದ ದಿನ ಗಣಿಯವರು ಹೊಸ ಬಟ್ಟೆ ಉಟ್ಟು ಹೋದರು. ಒಬ್ಬೊಬ್ಬರಿಗೂ ಒಂದೊಂದು ಕಾಗದ, ಒಂದು ರಬ್ಬರಿನ ಮುದ್ರೆ ಕೊಟ್ಟರು. ಅಧಿಕಾರಿ, "ಬೇಕಾದ ಚಿತ್ರದ ಮೇಲೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿ" ಎಂದ. ಗಣಿಯವರು ಒಳಗೊಳಗೇ ನಕ್ಕರು. ಒತ್ತಬೇಕಂತೆ! ನಮ್ಮನ್ನು ಇನ್ನೂ ಹೆಬ್ಬೆಟ್ಟು ಅಂದುಕೊಂಡಿದ್ದಾನೆ! ಮರೆಗೆ ಹೋದರು. ಮುದ್ರೆಯನ್ನು ಪಕ್ಕಕ್ಕೆ ಇಟ್ಟರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. ಏಣಿಯ ಚಿತ್ರದ ಮೇಲೆ, ಗೆರೆ ದಾಟದ ಹಾಗೆ, ತಂತಮ್ಮ ಹೆಸರು ಬರೆದರು.

ಎಣಿಕೆಯ ದಿನ ಗಣಿಯ ಒಬ್ಬ ಅಕ್ಕೋರ ಏಜೆಂಟನಾಗಿ ಒಳಗೆ ಕೂತಿದ್ದ. ಅವನು ಕಂಡದ್ದು ಇದು. ಅಧಿಕಾರಿ ಒಂದು ಕಟ್ಟು ಕಾಗದವನ್ನು ಬೇರೆ ಇಟ್ಟು ಹೇಳಿದ:

"ಇವು ತಿರಸ್ಕೃತ. ಮತ ಗುಟ್ಟಾಗಿರಬೇಕು. ಹೆಸರು ಬರೆದರೆ ಕೆಟ್ಟಿತು. ನಲವತ್ತು ಇವೆ ಟೀಚರ್. ನೀವು ಒಂಬತ್ತರಿಂದ ಸೋತಿದ್ದೀರಿ."

ಅಕ್ಕೋರು ಕೈ ಚಾಚಿದರು. "ಒಂದು ಸಲ ನೋಡಲು ಕೊಡಿ."

ಅವರು ಒಂದೊಂದಾಗಿ ತಿರುವಿದರು. ತಿರುವುತ್ತ ತಿರುವುತ್ತ ಹೆಸರುಗಳನ್ನು ಸಣ್ಣ ದನಿಯಲ್ಲಿ ಕರೆದರು, ಹಾಜರಿ ಕರೆಯುವ ಹಾಗೆ. ಏಜೆಂಟನಾಗಿ ಕೂತವನ ಹೆಸರೂ ಬಂತು. ಅವನಿಗೆ ಎದ್ದು "ಅದೀನ್ರಿ ಅಕ್ಕೋರ" ಎನ್ನಬೇಕೆನಿಸಿತು, ಬೆಂಚಿನ ಅಂಚು ಹಿಡಿದು ಕೂತ. ಆಮೇಲಿನ ಹೆಸರು ಅವನ ಕಿವಿಗೆ ಬೀಳಲಿಲ್ಲ. ಒಂದು ಕಾಗದದ ಮುಂದೆ ಅಕ್ಕೋರ ಕೈ ಕೆಂಪು ಪೆನ್ನಿಗೆ ಹೋಯಿತು. ಅಕ್ಷರ ದುಂಡಗೆ ಬಂದಿತ್ತು, ಸರಿ ಗುರುತು ಹಾಕಬೇಕಿತ್ತು. ಅಧಿಕಾರಿ ಮುಂಗೈ ಹಿಡಿದ. ನಲವತ್ತೂ ಮುಗಿದ ಮೇಲೆ ಅಕ್ಕೋರು, "ಒಬ್ಬರು ಬಂದಿಲ್ಲ" ಎಂದರು. ಯಾರೆಂದು ಹೇಳಲಿಲ್ಲ. "ಈ ಕಾಗದಗಳನ್ನು ನನಗೆ ಕೊಡಬಹುದೇ?" ಎಂದು ಕೇಳಿದರು. ಕೊಡಲು ಬರುವುದಿಲ್ಲ, ಕಟ್ಟಿ ಅರಗಿನ ಮುದ್ರೆ ಹಾಕಬೇಕು ಎಂದ ಅಧಿಕಾರಿ. ಹೊರಗೆ ಬರುವಾಗ ಅವರು ಏಜೆಂಟನಿಗೆ ಹೇಳಿದ್ದು ಇಷ್ಟೇ: "ಗಣಿಯಲ್ಲಿ ಬಾಯಿ ಬಿಡಬೇಡ."

ಗಣಿಯವರು ಹೂಮಾಲೆ ಹಿಡಿದು ನಿಂತಿದ್ದರು. "ನಾವೆಲ್ಲ ಹಾಕೀವಲ್ರಿ, ಹೆಂಗ ಸೋತ್ರಿ?" ಎಂದರು.

"ಕಡಿಮೆ ಬಿದ್ದವು" ಎಂದರು ಅಕ್ಕೋರು. ಬಾಡುತ್ತದೆ ಎಂದು ಮಾಲೆಯನ್ನು ಹಾಕಿಸಿಕೊಂಡರು.

ಆಮೇಲೆ ಬೇರೆ ಬೇರೆ ತಾಲೂಕಿನ ಗಣಿಗಳಿಗೂ ನಡೆದು ಹೋದರು. ಎಲ್ಲಿ ಹೋದರೂ ಹುಣಸೆ ಮರದ ಕೆಳಗೆ ಮಕ್ಕಳು, ಗೆರೆ ಇಲ್ಲದ ಬೆರಳು. ಒಂದು ಪಂಚಾಯಿತಿಯ ಕೈ ಇಷ್ಟು ಗಣಿಗಳಿಗೆ ಎಟುಕುವುದಿಲ್ಲ ಎಂದು ದಿಲ್ಲಿಯ ಚುನಾವಣೆಗೇ ನಿಂತರು. ಕಾಲುವೆ ಹಾರಲಾರದವಳು ಸಮುದ್ರ ಹಾರಲು ಹೊರಟಳು ಎಂದು ಊರು ಆಡಿಕೊಂಡಿತು. ಊರು ಆಡಿದ್ದು ನಿಜವಾಯಿತು. ಆ ಸಲ ಕಾಗದ ಇರಲಿಲ್ಲ, ಯಂತ್ರ ಇತ್ತು, ಗುಂಡಿ ಒತ್ತಬೇಕು. ಹೆಸರು ಬರೆಯಲು ಜಾಗವೇ ಇಲ್ಲ. ಎಣಿಕೆಯ ದಿನ ಫಲಕದ ಮೇಲೆ ಒಂದು ಅಂಕಿ ಹತ್ತಿಕೊಂಡಿತು. ಅಕ್ಕೋರು ಅದನ್ನು ಬಹಳ ಹೊತ್ತು ನೋಡಿದರು. "ಸಂಖ್ಯೆ ಬಂತು, ಯಾರೂ ಬರಲಿಲ್ಲ" ಎಂದರು. ಅವತ್ತು ಸೀದಾ ಮನೆಗೆ ಹೋಗಲಿಲ್ಲ. ತಾಲೂಕು ಕಚೇರಿಗೆ ಹೋಗಿ ಆ ಹಳೆಯ ನಲವತ್ತು ಕಾಗದ ಇನ್ನೊಮ್ಮೆ ನೋಡಬಹುದೇ ಎಂದು ಕೇಳಿದರು. ಅವಧಿ ಮುಗಿಯಿತು, ಸುಟ್ಟುಹಾಕಿದ್ದೇವೆ ಎಂದರು ಅಲ್ಲಿಯವರು. ಎಲ್ಲಿ ಸುಟ್ಟಿರಿ ಎಂದು ಅಕ್ಕೋರು ಕೇಳಿದರಂತೆ. ಬೂದಿಯ ಜಾಗಕ್ಕೂ ಆಸೆಪಟ್ಟರು ನೋಡು.

ಈ ಮಾತು ಕೇಳಿ ಏಜೆಂಟನಾಗಿದ್ದವನಿಗೆ ತಡೆಯಲಾಗಲಿಲ್ಲ. ಗಣಿಯಲ್ಲಿ ಬಾಯಿ ಬಿಟ್ಟ. ನಲವತ್ತೊಂದು ಮಂದಿ ಸುತ್ತಿಗೆ ಕೆಳಗಿಟ್ಟು ಅಕ್ಕೋರ ಮನೆಗೆ ಹೋದರು.

"ಹೇಳಬಾರದಿತ್ತೇನ್ರಿ ಅಕ್ಕೋರ? ನಾವ ನಿಮ್ಮನ್ನ ಸೋಲಿಸಿದ್ವಿ."

"ಹೇಳಿದ್ದರೆ ಪಾಟಿ ಒಡೆದುಹಾಕುತ್ತಿದ್ದಿರಿ" ಎಂದರು ಅಕ್ಕೋರು.

ಆಗ ಗಣಿಯವರು ಒಬ್ಬೊಬ್ಬರಾಗಿ, "ನಾನು ಬರೆದಿದ್ದೆ", "ನಾನೂ ಬರೆದಿದ್ದೆ" ಎಂದು ಅತ್ತರು. ನಲವತ್ತೊಂದು ಮಂದಿಯೂ ಹಾಗೇ ಅಂದರು. ಕಾಗದ ಇದ್ದದ್ದು ನಲವತ್ತು. ಅಕ್ಕೋರಿಗೆ ಅದು ಗೊತ್ತು. ಬಾರದ ಹೆಸರು ಯಾವುದೆಂದೂ ಗೊತ್ತು. ಆದರೂ ಎಲ್ಲರಿಗೂ ಒಂದೇ ಸಮ ತಲೆಯಾಡಿಸಿದರು.

ಅಜ್ಜ ಇಷ್ಟು ಹೇಳಿ ನಿಲ್ಲಿಸಿದ.

ಶಿಷ್ಯನಿಗೆ ಸಿಟ್ಟು ಬಂದಿತ್ತು. "ಆ ಒಬ್ಬ ಎದುರಾಳಿಗೆ ಹಾಕಿದ್ದಾನೆ. ಅವರ ಪಾಟಿಯ ಮೇಲೆ ತಿದ್ದಿ ಅವರಿಗೇ ದ್ರೋಹ ಮಾಡಿದ!"

"ಇಲ್ಲ. ಅವನೂ ಏಣಿಗೇ ಹಾಕಿದ. ಅಧಿಕಾರಿ ಹೇಳಿದ ಹಾಗೆ ಮುದ್ರೆ ಒತ್ತಿದ. ಇಡೀ ಗಣಿಯಿಂದ ಅಕ್ಕೋರ ಲೆಕ್ಕಕ್ಕೆ ಸೇರಿದ ಮತ ಅದೊಂದೇ."

ಶಿಷ್ಯ ತೊಡೆ ತಟ್ಟಿ ನಕ್ಕ. "ಹಾಗಾದರೆ ನಲವತ್ತೊಂದರಲ್ಲಿ ಜಾಣ ಅವನೊಬ್ಬನೇ! ಅದನ್ನು ಅಕ್ಕೋರಿಗೆ ಹೇಳಿದನೇ?"

"ಹೇಗೆ ಹೇಳುತ್ತಾನೆ? ಒತ್ತಿದೆ ಅಂದರೆ, ಯಾಕೆ ಬರೆಯಲಿಲ್ಲ ಅನ್ನುವುದನ್ನೂ ಹೇಳಬೇಕು. ಅವನ ಬಡಾಯಿ ಅವನ ಕುತ್ತಿಗೆ ಹಿಡಿದಿತ್ತು. ಅಕ್ಕೋರು ತನ್ನನ್ನು ಏನೆಂದು ತಿಳಿದರೋ ಎಂದು ಹನ್ನೊಂದು ವರ್ಷ ಕೊರಗಿದ. ಕೆಟ್ಟುಹೋದ ಆ ನಲವತ್ತರಲ್ಲಿ ತನ್ನದೂ ಒಂದು ಇರಬೇಕಿತ್ತು, ಅವರು ಕರೆದಾಗ ತಾನೂ ಬಂದಿರಬೇಕಿತ್ತು ಎಂದು ಬಯಸಿದ. ಸುಟ್ಟುಹೋದ ಕಾಗದದಲ್ಲಿ ಸೇರಲು ಬಯಸುವುದು! ಹುಚ್ಚು ಎಂದೆಯಲ್ಲ, ಅದಕ್ಕಿಂತ ದೊಡ್ಡ ಹುಚ್ಚು ಇದೆಯೇನು?"

ಅಜ್ಜ ತೊಡೆಯ ಮೇಲಿನ ನಾಮಪತ್ರವನ್ನು ಎರಡೂ ಕೈಯಿಂದ ಎತ್ತಿಕೊಂಡ. ಹಿಡಿದದ್ದು ತಲೆಕೆಳಗಾಗಿತ್ತು. ಶಿಷ್ಯ ಅದನ್ನು ಕಂಡ. ಅವನ ನಗು ಅಲ್ಲೇ ನಿಂತಿತು.

"ಈ ಸಲ ಅಕ್ಕೋರು ಅವನೊಬ್ಬನ ಹೆಸರನ್ನೇ ಕರೆದಿದ್ದಾರೆ, ನಾಳೆ ಮೂರು ಗಂಟೆಯವರೆಗೆ ಹೊತ್ತಿದೆ, ಹೋಗಿ ಒಂದು ಪಾಟಿ ತಗೊಂಡು ಬಾ, ಗುರುವೇ."